ಮೂರು ಪ್ರಾಜೆಕ್ಟ್‌ಗಳಿಗೆ ಒಂದೇ ಪೋಸ್ಟ್‌ಗ್ರೆಸ್: ಸಂಪರ್ಕದ ವಿವರವನ್ನು ಒಂದೇ ಕಡೆ ಇಡುವುದು ಹೇಗೆ?

ರಾತ್ರಿವರದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ತಂಡದಲ್ಲಿ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಮೂರು ಪ್ರಾಜೆಕ್ಟ್‌ಗಳು ಬಳಸುತ್ತವೆ: ಪೈಥಾನಿನ ವೆಬ್ ಚೌಕಟ್ಟಾದ ಜಾಂಗೊದಲ್ಲಿ ಬರೆದ ವೆಬ್‌ಸೈಟ್, ರಾತ್ರಿ ಎರಡು ಗಂಟೆಗೆ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಓಡಿಸುವ ಪೈಥಾನ್ ವರದಿ ಸ್ಕ್ರಿಪ್ಟ್ ಮತ್ತು ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟಿನಲ್ಲಿರುವ ಬಿಲ್ಲಿಂಗ್ ಸೇವೆ. ಹೋಸ್ಟ್, ಪೋರ್ಟ್, ಡೇಟಾಬೇಸಿನ ಹೆಸರು, ಯೂಸರ್, ಪಾಸ್‌ವರ್ಡ್ ಈ ಐದನ್ನೂ ಮೂರು ಕಡೆ ಮೂರು ರೀತಿಯ ಫೈಲುಗಳಲ್ಲಿ ಬರೆದಿಟ್ಟಿದ್ದೇವೆ.

ಕಳೆದ ತಿಂಗಳು ಡೇಟಾಬೇಸನ್ನು ಹೊಸ ಸರ್ವರಿಗೆ ಸಾಗಿಸಿದಾಗ ಎರಡು ಕಡೆ ವಿಳಾಸ ಬದಲಿಸಿ, ವರದಿಯ ಸ್ಕ್ರಿಪ್ಟನ್ನು ಮರೆತೆ. ಹಳೆಯ ಸರ್ವರನ್ನು ಇನ್ನೂ ನಿಲ್ಲಿಸಿರಲಿಲ್ಲವಾದ್ದರಿಂದ ಸ್ಕ್ರಿಪ್ಟ್ ಯಾವ ದೋಷವನ್ನೂ ತೋರಿಸದೆ, ಆರು ರಾತ್ರಿ ಹಳೆಯ ಅಂಕಿಗಳನ್ನೇ ಓದಿ ವರದಿ ಕಳುಹಿಸಿತು. ಆರು ದಿನವೂ ಪೈಸೆ ಬಿಡದೆ ಅದೇ ಮೊತ್ತ ಬರುತ್ತಿದೆಯಲ್ಲ ಎಂದು ಲೆಕ್ಕ ವಿಭಾಗದವರು ಕೇಳಿದ ಮೇಲೆಯೇ ನನಗೆ ತಿಳಿದದ್ದು.

ಸಂಪರ್ಕದ ವಿವರಗಳನ್ನೆಲ್ಲ ಒಂದು ಪೈಥಾನ್ ಪ್ಯಾಕೇಜಿನಲ್ಲಿಟ್ಟು ಎಲ್ಲ ಕಡೆ ಅದನ್ನೇ ಬಳಸೋಣವೆಂದು ಯೋಚಿಸಿದೆ. ಆದರೆ ಜಾವಾ ಸೇವೆ ಅದನ್ನು ಓದಲಾರದು. ಇದಕ್ಕೆ ರೂಢಿಯಲ್ಲಿರುವ ದಾರಿ ಯಾವುದೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೇಡಿಬಿಎ ಉತ್ತರಿಸಿದ್ದು:

ಪ್ಯಾಕೇಜಿನ ಯೋಚನೆಯನ್ನು ದಯವಿಟ್ಟು ಕೈಬಿಡಿ. ಸರ್ವರಿನ ವಿಳಾಸ ಬದಲಾದಾಗಲೆಲ್ಲ ಪ್ಯಾಕೇಜಿನ ಹೊಸ ಆವೃತ್ತಿ ತೆಗೆದು ಪ್ರತಿ ಪ್ರಾಜೆಕ್ಟಿನಲ್ಲೂ ಅದನ್ನು ಮತ್ತೆ ಅಳವಡಿಸಬೇಕಾಗುತ್ತದೆ, ಅಂದರೆ ಮರೆಯುವ ಜಾಗ ಹಾಗೆಯೇ ಉಳಿಯುತ್ತದೆ. ಜೊತೆಗೆ ಪಾಸ್‌ವರ್ಡ್ ಕೋಡಿನ ಇತಿಹಾಸ ಕಾಯುವ ಗಿಟ್‌ನೊಳಗೆ ಹೋಗಿ ಕೂರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ, ಅನೇಕರು ಅದನ್ನು ಗಮನಿಸಿರುವುದಿಲ್ಲ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ '.ಪಿಜಿ_ಸರ್ವಿಸ್.ಕಾನ್ಫ್' ಎಂಬ ಫೈಲು ಮಾಡಿ, ಚೌಕ ಆವರಣದೊಳಗೆ ಒಂದು ಹೆಸರು ಕೊಟ್ಟು (ಉದಾಹರಣೆಗೆ 'ಲೆಕ್ಕ'), ಅದರ ಕೆಳಗೆ ಸಾಲಿಗೊಂದರಂತೆ ಹೋಸ್ಟ್, ಪೋರ್ಟ್, ಡೇಟಾಬೇಸಿನ ಹೆಸರು, ಯೂಸರ್ ಬರೆಯಿರಿ. ಆಮೇಲೆ ಪ್ರಾಜೆಕ್ಟಿನ ಕೋಡಿನಲ್ಲಿ ಇರಬೇಕಾದದ್ದು 'ಸರ್ವಿಸ್=ಲೆಕ್ಕ' ಎಂಬ ಒಂದೇ ಮಾತು. ಈ ಫೈಲನ್ನು ಓದುವುದು ಪೋಸ್ಟ್‌ಗ್ರೆಸ್‌ನ ಸಿ ಲೈಬ್ರರಿಯಾದ ಲಿಬ್‌ಪಿಕ್ಯು. ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಲಿನ ಸಾಧನವಾದ ಪಿಎಸ್‌ಕ್ಯುಎಲ್ ಆಗಲಿ ಪೈಥಾನಿನಿಂದ ಪೋಸ್ಟ್‌ಗ್ರೆಸ್ ಸಂಪರ್ಕಿಸುವ ಸೈಕೊಪಿಜಿ2 ಆಗಲಿ ಅದರ ಮೇಲೆಯೇ ನಿಂತಿರುವುದರಿಂದ ಅವುಗಳಿಗೆ ನೀವು ಬೇರೇನನ್ನೂ ಕಲಿಸಬೇಕಾಗಿಲ್ಲ. ಜಾಂಗೊ 4.0ರಿಂದ ಈಚೆಗೆ ಡೇಟಾಬೇಸ್ ಸೆಟ್ಟಿಂಗಿನ ಆಪ್ಷನ್ಸ್ ಭಾಗದಲ್ಲಿ ಸರ್ವಿಸ್ ಹೆಸರನ್ನು ನೇರವಾಗಿ ಕೊಡಬಹುದು.

ಪಾಸ್‌ವರ್ಡನ್ನು ಮಾತ್ರ '.ಪಿಜಿಪಾಸ್' ಎಂಬ ಬೇರೆ ಫೈಲಿನಲ್ಲಿಡಿ. ಅದರ ಪರ್ಮಿಷನ್ 0600 (ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅನುಮತಿ) ಇರಲೇಬೇಕು. ಅದಕ್ಕಿಂತ ಸಡಿಲವಾಗಿದ್ದರೆ ಲಿನಕ್ಸ್‌ನಲ್ಲಿ ಲಿಬ್‌ಪಿಕ್ಯು ಒಂದು ಎಚ್ಚರಿಕೆ ಕೊಟ್ಟು ಆ ಫೈಲನ್ನು ಓದದೆ ಬಿಟ್ಟುಬಿಡುತ್ತದೆ. ಸರ್ವಿಸ್ ಫೈಲಿಗೆ ಇಂಥ ತಪಾಸಣೆ ಇಲ್ಲ, ಆದ್ದರಿಂದಲೇ ಅದರೊಳಗೆ ಪಾಸ್‌ವರ್ಡ್ ಬರೆಯಬೇಡಿ ಎನ್ನುತ್ತೇನೆ.

ಇನ್ನೊಂದು ಅನುಕೂಲವಿದೆ. ಹೊಸ ಸಂಪರ್ಕ ತೆರೆದಾಗಲೆಲ್ಲ ಲಿಬ್‌ಪಿಕ್ಯು ಈ ಎರಡೂ ಫೈಲುಗಳನ್ನು ಮತ್ತೆ ಓದುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೊಸೆಸ್ ಶುರುವಾಗುವಾಗ ಅದಕ್ಕೆ ಸಿಗುವ ಹೆಸರು-ಬೆಲೆ ಜೋಡಿ) ಇಟ್ಟಿದ್ದರೆ ಪ್ರತಿ ಪ್ರೊಸೆಸನ್ನೂ ರೀಸ್ಟಾರ್ಟ್ ಮಾಡಬೇಕಾಗುತ್ತಿತ್ತು. ಆದರೆ ಆಗಲೇ ತೆರೆದಿರುವ ಸಂಪರ್ಕಗಳು ಹಳೆಯ ಸರ್ವರನ್ನೇ ಹಿಡಿದುಕೊಂಡಿರುತ್ತವೆ ಎಂಬುದು ನೆನಪಿರಲಿ.

ಕೀಲಿಗೊಂಚಲು ಉತ್ತರಿಸಿದ್ದು:

ಹಳೇಡಿಬಿಎ ಅವರ ಸಲಹೆಯಲ್ಲಿ ಒಂದು ಅಂಶವನ್ನು ನಾನು ಒಪ್ಪುವುದಿಲ್ಲ. ಹೋಸ್ಟ್, ಪೋರ್ಟ್, ಡೇಟಾಬೇಸಿನ ಹೆಸರು ಇವು ಮೂವರಿಗೂ ಸಾಮಾನ್ಯವಾದ ವಿವರಗಳು, ಅವನ್ನು ಹಂಚಿಕೊಳ್ಳಲಿ. ಯೂಸರ್ ಹೆಸರು ಮಾತ್ರ ಹಂಚಿಕೊಳ್ಳುವ ಫೈಲಿನಲ್ಲಿ ಇರಬಾರದು. ವರದಿಯ ಸ್ಕ್ರಿಪ್ಟಿಗೆ ಓದುವ ಅಧಿಕಾರ ಬಿಟ್ಟು ಬೇರೇನೂ ಬೇಕಿಲ್ಲ, ಬಿಲ್ಲಿಂಗ್ ಸೇವೆಗೆ ಬರೆಯುವ ಅಧಿಕಾರ ಬೇಕು. ಇಬ್ಬರೂ ಒಂದೇ ರೋಲ್‌ನಲ್ಲಿ (ಪೋಸ್ಟ್‌ಗ್ರೆಸ್‌ನೊಳಗಿನ ಯೂಸರ್ ಖಾತೆ) ಬಂದರೆ ಸ್ಕ್ರಿಪ್ಟಿನಲ್ಲಿ ಯಾರೋ ಕೈತಪ್ಪಿ ಬರೆದ ಒಂದು ಡಿಲೀಟ್ ಸಾಲು ಬಿಲ್ಲುಗಳನ್ನೇ ಅಳಿಸಬಹುದು. ಪ್ರಾಜೆಕ್ಟಿಗೊಂದು ರೋಲ್ ಮಾಡಿ, ಯೂಸರ್ ಹೆಸರನ್ನು ಆಯಾ ಪ್ರಾಜೆಕ್ಟಿನಲ್ಲೇ ಕೊಡಿ. ಕೊಡಲು ಮರೆತರೆ ಲಿಬ್‌ಪಿಕ್ಯು ಆಪರೇಟಿಂಗ್ ಸಿಸ್ಟಮ್‌ನ ಯೂಸರ್ ಹೆಸರನ್ನೇ ಎತ್ತಿಕೊಳ್ಳುತ್ತದೆ. ಅಂಥ ರೋಲ್ ಇಲ್ಲವೆಂಬ ದೋಷ ಕಂಡರೆ ಗಾಬರಿಯಾಗಬೇಡಿ.

ಸಂಪರ್ಕ ಯಾವ ಪ್ರಾಜೆಕ್ಟಿನದೆಂದು ಹೇಳುವ 'ಅಪ್ಲಿಕೇಶನ್_ನೇಮ್' ಕೂಡ ಹಾಗೆಯೇ. ಅದನ್ನು ಸಾಮಾನ್ಯ ಫೈಲಿನಲ್ಲಿ ಬರೆದಿಟ್ಟರೆ ಈಗಿರುವ ಸಂಪರ್ಕಗಳನ್ನು ತೋರಿಸುವ 'ಪಿಜಿ_ಸ್ಟ್ಯಾಟ್_ಆಕ್ಟಿವಿಟಿ' ನೋಡಿದಾಗ ಮೂರೂ ಪ್ರಾಜೆಕ್ಟ್‌ಗಳು ಒಂದೇ ಹೆಸರಿನಲ್ಲಿ ಕಾಣುತ್ತವೆ, ಯಾರ ಕ್ವೆರಿ ಟೇಬಲನ್ನು ಲಾಕ್ ಮಾಡಿ ಕೂತಿದೆ ಎಂಬುದು ತಿಳಿಯುವುದಿಲ್ಲ.

ಸೆಟ್ಟಿಂಗ್ ಒಂದೇ ಆದ ಮಾತ್ರಕ್ಕೆ ಸಂಪರ್ಕಗಳ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಈ ಎರಡನ್ನೂ ಒಂದೆಂದು ತಿಳಿದವರನ್ನು ಕಂಡಿದ್ದೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಬದಲಿಸದೆ ಬಿಟ್ಟರೆ ಗರಿಷ್ಠ ಸಂಪರ್ಕಗಳು 100, ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು. ಸ್ಪ್ರಿಂಗ್ ಬೂಟ್ ಬಳಸುವ ಹಿಕಾರಿ ಪೂಲ್ (ಸಂಪರ್ಕಗಳನ್ನು ತೆರೆದಿಟ್ಟು ಮರುಬಳಸುವ ಲೈಬ್ರರಿ) ತಾನಾಗಿಯೇ 10 ಸಂಪರ್ಕಗಳವರೆಗೆ ತೆರೆಯುತ್ತದೆ. ಬಿಲ್ಲಿಂಗ್ ಸೇವೆಯ ನಾಲ್ಕು ಪ್ರತಿ ಓಡಿಸಿದರೆ ಅಲ್ಲಿಗೇ 40 ಆಯಿತು.

ರಾತ್ರಿವರದಿ ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ಮೂರು ರೋಲ್ ಮಾಡಿದ್ದೇನೆ, ಯೂಸರ್ ಹೆಸರನ್ನು ಸಾಮಾನ್ಯ ಫೈಲಿನಿಂದ ತೆಗೆದಿದ್ದೇನೆ. ವೆಬ್‌ಸೈಟ್ ಸರಿಯಾಗಿ ಓಡುತ್ತಿದೆ. ಕ್ರಾನ್ ಸ್ಕ್ರಿಪ್ಟ್ ಮಾತ್ರ 'ಲೆಕ್ಕ' ಎಂಬ ಸರ್ವಿಸ್ ಸಿಗಲಿಲ್ಲ ಎನ್ನುತ್ತಿದೆ. ಅದು ಬೇರೆ ಯೂಸರ್ ಆಗಿ ಓಡುವುದರಿಂದ ನನ್ನ ಹೋಮ್ ಡೈರೆಕ್ಟರಿ ಅದಕ್ಕೆ ಕಾಣುವುದಿಲ್ಲವೆಂದು ನಾನೇ ಕಂಡುಕೊಂಡು, ಫೈಲನ್ನು 'ಇಟಿಸಿ'ಯ ಅಡಿಯಲ್ಲಿರುವ 'ಪೋಸ್ಟ್‌ಗ್ರೆಸ್‌ಕ್ಯುಎಲ್-ಕಾಮನ್' ಡೈರೆಕ್ಟರಿಗೆ ಸರಿಸಿದೆ (ನಮ್ಮದು ಉಬುಂಟು). ಈಗ ಅದೇ ಯೂಸರ್ ಆಗಿ ಲಾಗಿನ್ ಆಗಿ ಪಿಎಸ್‌ಕ್ಯುಎಲ್ ಓಡಿಸಿದರೆ ಸಂಪರ್ಕ ಆಗುತ್ತದೆ, ಸ್ಕ್ರಿಪ್ಟ್ ಓಡಿಸಿದರೆ ಆಗುವುದಿಲ್ಲ. ಒಂದೇ ಯಂತ್ರ, ಒಂದೇ ಯೂಸರ್, ಒಂದೇ ಫೈಲು. ಇದು ಹೇಗೆ ಸಾಧ್ಯ?

ಹಳೇಡಿಬಿಎ ಉತ್ತರಿಸಿದ್ದು:

ಯೂಸರ್ ವಿಷಯದಲ್ಲಿ ಕೀಲಿಗೊಂಚಲು ಅವರು ಹೇಳಿದ್ದೇ ಸರಿ, ನಾನು ಅವಸರದಲ್ಲಿ ಬರೆದುಬಿಟ್ಟಿದ್ದೆ.

ನಿಮ್ಮ ಸ್ಕ್ರಿಪ್ಟಿನಲ್ಲಿ ಪಿಪ್ (ಪೈಥಾನ್ ಪ್ಯಾಕೇಜು ಅಳವಡಿಸುವ ಸಾಧನ) ಮೂಲಕ ಹಾಕಿಕೊಂಡಿರುವುದು 'ಸೈಕೊಪಿಜಿ2-ಬೈನರಿ' ಇರಬೇಕು, ನೋಡಿ. ಆ ಪ್ಯಾಕೇಜು ಲಿಬ್‌ಪಿಕ್ಯುವಿನ ತನ್ನದೇ ಪ್ರತಿಯನ್ನು ಜೊತೆಗೆ ಹೊತ್ತು ತರುತ್ತದೆ. ಇಡೀ ಯಂತ್ರಕ್ಕೆ ಅನ್ವಯಿಸುವ ಸರ್ವಿಸ್ ಫೈಲನ್ನು ಯಾವ ಡೈರೆಕ್ಟರಿಯಲ್ಲಿ ಹುಡುಕಬೇಕೆಂಬುದು ಲಿಬ್‌ಪಿಕ್ಯುವನ್ನು ಕಂಪೈಲ್ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಉಬುಂಟು ಕಟ್ಟಿಕೊಟ್ಟ ಪ್ರತಿ ನೀವು ಹೇಳಿದ ಡೈರೆಕ್ಟರಿಯಲ್ಲಿ ಹುಡುಕಿದರೆ, ಪ್ಯಾಕೇಜಿನೊಳಗಿನ ಪ್ರತಿ ಬೇರೆಲ್ಲೋ ಹುಡುಕುತ್ತದೆ. ನಾನೂ ಇದರ ಬೆನ್ನು ಹತ್ತಿ ಒಂದು ಇಡೀ ಮಧ್ಯಾಹ್ನ ಕಳೆದವನೇ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ಮೇಲ್ಭಾಗದಲ್ಲಿ 'ಪಿಜಿಸರ್ವಿಸ್‌ಫೈಲ್' ಎಂಬ ವೇರಿಯಬಲ್‌ಗೆ ಫೈಲಿನ ಪೂರ್ಣ ದಾರಿಯನ್ನು ಕೊಟ್ಟುಬಿಡಿ, ಆಗ ಯಾವ ಪ್ರತಿಯಾದರೂ ಅಲ್ಲಿಯೇ ನೋಡುತ್ತದೆ.

ಅಲ್ಲಿಗೆ ಬಂದಾಗ ಹೋಸ್ಟ್ ಸೂಚಿಸುವ ಹಳೆಯ 'ಪಿಜಿಹೋಸ್ಟ್' ವೇರಿಯಬಲ್‌ನ ಸಾಲು ಕಂಡರೆ ಅದನ್ನೂ ಅಳಿಸಿ. ಸರ್ವಿಸ್ ಫೈಲಿನಲ್ಲಿರುವ ಬೆಲೆ ಎನ್ವಿರಾನ್‌ಮೆಂಟಿನ ಬೆಲೆಯನ್ನು ಮೀರುತ್ತದೆ, ಸಂಪರ್ಕದ ಸ್ಟ್ರಿಂಗಿನಲ್ಲಿ ನೇರವಾಗಿ ಬರೆದದ್ದು ಎರಡನ್ನೂ ಮೀರುತ್ತದೆ. ಈ ಕ್ರಮ ತಿಳಿಯದೆ 'ಪಿಜಿಹೋಸ್ಟ್' ಬದಲಿಸುತ್ತ ಕೂತರೆ ಏನೂ ಆಗುವುದಿಲ್ಲ.

ಜಾವಾಮಿತ್ರ ಉತ್ತರಿಸಿದ್ದು:

ಬಿಲ್ಲಿಂಗ್ ಸೇವೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜಾವಾ ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್ ಪೂರ್ತಿಯಾಗಿ ಜಾವಾದಲ್ಲೇ ಬರೆದದ್ದು, ಲಿಬ್‌ಪಿಕ್ಯುವನ್ನು ಬಳಸುವುದಿಲ್ಲ. ಆದ್ದರಿಂದ ಮೇಲಿನ ನಿಯಮಗಳೆಲ್ಲ ಅದಕ್ಕೂ ಹಾಗೆಯೇ ಅನ್ವಯಿಸುತ್ತವೆಂದು ತಿಳಿಯಬೇಡಿ. ಸ್ಪ್ರಿಂಗ್ ಬೂಟ್ 2.4ರಿಂದ 'ಸ್ಪ್ರಿಂಗ್.ಕಾನ್ಫಿಗ್.ಇಂಪೋರ್ಟ್' ಎಂಬ ಸೆಟ್ಟಿಂಗ್ ಇದೆ. ಅದರ ಮೂಲಕ ಜಾರ್ ಫೈಲಿನ (ಜಾವಾ ಸೇವೆಯನ್ನು ಕಟ್ಟಿಟ್ಟ ಫೈಲು) ಹೊರಗಿರುವ ಒಂದು ಪ್ರಾಪರ್ಟೀಸ್ ಫೈಲನ್ನು ಎಳೆದುಕೊಳ್ಳಬಹುದು. ಸರ್ವಿಸ್ ಫೈಲಿನಿಂದ ಹೋಸ್ಟ್ ಮತ್ತು ಪೋರ್ಟ್ ಓದಿ ಆ ಪ್ರಾಪರ್ಟೀಸ್ ಫೈಲನ್ನು ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟೊಂದನ್ನು ಡಿಪ್ಲಾಯ್ ಮಾಡುವಾಗ ಓಡಿಸಿ. ಎರಡು ಫೈಲುಗಳಿದ್ದರೂ ಕೈಯಿಂದ ತಿದ್ದುವುದು ಒಂದನ್ನೇ ಆಗಿರುತ್ತದೆ. ಬದಲಾವಣೆ ಜಾರಿಗೆ ಬರಲು ಈ ಸೇವೆಯನ್ನು ಮಾತ್ರ ರೀಸ್ಟಾರ್ಟ್ ಮಾಡಲೇಬೇಕು.

ರಾತ್ರಿವರದಿ ಬರೆದದ್ದು:

ಅದು 'ಸೈಕೊಪಿಜಿ2-ಬೈನರಿ'ಯೇ ಆಗಿತ್ತು. ವೇರಿಯಬಲ್ ಕೊಟ್ಟ ಕೂಡಲೇ ಸರ್ವಿಸ್ ಸಿಕ್ಕಿತು, ಆದರೆ ಪಾಸ್‌ವರ್ಡ್ ಕೊಟ್ಟಿಲ್ಲವೆಂಬ ಹೊಸ ದೋಷ ಬಂತು. ಪಿಜಿಪಾಸ್ ಫೈಲಿನ ಪರ್ಮಿಷನ್ ಸರಿಯಾಗಿಯೇ ಇತ್ತು. ನೋಡಿದರೆ ಸರ್ವಿಸ್ ಫೈಲಿನಲ್ಲಿ ಸರ್ವರಿನ ಹೆಸರನ್ನು ಬರೆದಿದ್ದೆ, ಆ ಯೂಸರಿನ ಪಿಜಿಪಾಸ್ ಸಾಲಿನಲ್ಲಿ ಐಪಿ ವಿಳಾಸ ಬರೆದಿದ್ದೆ. ಎರಡೂ ಅದೇ ಯಂತ್ರವಾದರೂ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಆ ಸಾಲನ್ನು ಲಿಬ್‌ಪಿಕ್ಯು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಯಾವ ಹೋಸ್ಟ್ ಆದರೂ ನಡೆಯುತ್ತದೆಂದು ಓದಿದೆ, ಆದರೆ ತಪ್ಪು ಸರ್ವರಿಗೂ ಪಾಸ್‌ವರ್ಡ್ ಹೋಗಬಾರದೆಂದು ಹೆಸರನ್ನೇ ಬರೆದೆ.

ನಿನ್ನೆ ಹಳೆಯ ಸರ್ವರನ್ನು ನಿಲ್ಲಿಸಿದೆ. ವರದಿಯ ಮೊದಲ ಸಾಲಿನಲ್ಲಿ ಈಗ 'ಐನೆಟ್_ಸರ್ವರ್_ಅಡ್ರ್' ಫಂಕ್ಷನ್ ಕೊಡುವ ವಿಳಾಸವನ್ನೂ ಮುದ್ರಿಸುತ್ತಿದ್ದೇನೆ. ಇಂದು ಬೆಳಿಗ್ಗೆ ಬಂದ ವರದಿಯಲ್ಲಿ ಹೊಸ ಸರ್ವರಿನ ವಿಳಾಸವಿತ್ತು, ಅದು ಯಾವ ಸಂಖ್ಯೆಯೆಂದು ಲೆಕ್ಕ ವಿಭಾಗದವರು ಫೋನ್ ಮಾಡಿ ಕೇಳಿದ್ದೂ ಆಯಿತು.