ನಲ್ಲಿಯಲ್ಲಿ ಬಿಳಿ ಚೂರುಗಳು: ಭಾನುವಾರ ಟ್ಯಾಂಕ್ ಹತ್ತಲು ಯಾರು ಬರುತ್ತೀರಿ?

ಮನೆ 14: ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ಅಡುಗೆಮನೆಯ ನಲ್ಲಿಯಲ್ಲಿ ಬಿಳಿ ಚೂರುಗಳು ಬರುತ್ತಿವೆ. ನಿನ್ನೆ ಬಾಗಿಲಿಗೆ ಬಂದ ಮಾರಾಟಗಾರ ಅದನ್ನು ನೋಡಿದವನೇ “ಇದೇ ಮೈಕ್ರೋಪ್ಲಾಸ್ಟಿಕ್, ಪ್ಲಾಸ್ಟಿಕ್ಕಿನ ಸಣ್ಣ ಕಣಗಳು” ಎಂದು ನೀರು ಸೋಸುವ ₹28,000ದ ಯಂತ್ರದ ಚೀಟಿ ಬರೆದುಕೊಟ್ಟ. “ಮೈಕ್ರೋಪ್ಲಾಸ್ಟಿಕ್ ಮುಕ್ತ” ಎಂಬ ಪ್ರಮಾಣಪತ್ರವೂ ಇದೆಯಂತೆ. ಹತ್ತು ಮನೆಯವರು ಸೇರಿದರೆ ರಿಯಾಯಿತಿಯಂತೆ.

ಮನೆ 31: ನಾವು ಸೇರುತ್ತೇವೆ. ಮಗುವಿರುವ ಮನೆ.

ಮನೆ 7: ಸ್ವಲ್ಪ ತಡೆಯಿರಿ ಮೇಡಂ. ಚೂರುಗಳ ಮೇಲೆ ನಿಂಬೆಹಣ್ಣು ಹಿಂಡಿ. ಗುಳ್ಳೆ ಎದ್ದು ಕರಗಿದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನ ಚಟ, ಕ್ಷಮಿಸಿ.

ಮನೆ 14: ಹೆಚ್ಚಿನವು ಕರಗಿದವು. ನಾಲ್ಕೈದು ಉಳಿದಿವೆ. ಉಗುರಿನಿಂದ ಒತ್ತಿದರೆ ಬಾಗುತ್ತವೆ.

ಮನೆ 7: ಹಾಗಾದರೆ ಆ ನಾಲ್ಕೈದು ಪ್ಲಾಸ್ಟಿಕ್ಕೇ ಇರಬೇಕು. ಆದರೆ ಬೋರ್‌ವೆಲ್ ಜೊತೆ ನಮಗೆ ಬರುವ ಕಾವೇರಿ ನೀರಿನದ್ದಲ್ಲ. ಬೆಂಗಳೂರಿಗೆ ಬರುವ ಕಾವೇರಿ ನೀರನ್ನು ಶುದ್ಧೀಕರಿಸುವ ತೊರೆಕಾಡನಹಳ್ಳಿಯಲ್ಲಿ ನೀರಿಗೆ ಆಲಂ (ಪಟಿಕ) ಹಾಕುತ್ತಾರೆ. ಹಾಕುವುದು ಮಣ್ಣಿನ ಕದಡನ್ನು ಕೂಡಿಸಿ ತಳಕ್ಕಿಳಿಸಲು. ಅದರ ಜೊತೆಗೆ ಪ್ಲಾಸ್ಟಿಕ್ ಕಣಗಳೂ ಗಂಟುಕಟ್ಟಿ ಇಳಿಯುತ್ತವೆ. ತಪ್ಪಿಸಿಕೊಂಡವುಗಳಲ್ಲಿ ಬಹುಪಾಲನ್ನು ಮರಳಿನ ಹಾಸು ಹಿಡಿಯುತ್ತದೆ. ಇಂಥ ಶುದ್ಧೀಕರಣ ಚೆನ್ನಾಗಿ ನಡೆದರೆ ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ಸಣ್ಣ ಕಣಗಳೂ ಹೋಗಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಲ್ಲಿದೆ. ಅಷ್ಟು ದೂರದಲ್ಲಿ ತೆಗೆದದ್ದನ್ನು ನಾವು ಇಲ್ಲಿ ಮತ್ತೆ ಬೆರೆಸಿಕೊಳ್ಳುತ್ತಿದ್ದೇವೆ ಎಂಬುದು ನನ್ನ ಅನುಮಾನ. ಪಾರ್ಕ್ ಪಕ್ಕದ ನಮ್ಮ ಪ್ಲಾಸ್ಟಿಕ್ ಟ್ಯಾಂಕನ್ನು ಯಾರಾದರೂ ಹತ್ತಿ ನೋಡಿದ್ದೀರಾ?

ಮನೆ 22: ಈ ತಲೆನೋವೇ ಬೇಡವೆಂದು ನಾವು ಕ್ಯಾನ್ ನೀರು ತರಿಸುವುದು.

ಮನೆ 7: ಕೊಲಂಬಿಯಾ ವಿಶ್ವವಿದ್ಯಾಲಯದವರು ಬಾಟಲಿ ನೀರನ್ನು ಪರೀಕ್ಷಿಸಿ, ಲೀಟರಿಗೆ ಸರಾಸರಿ 2,40,000 ಪ್ಲಾಸ್ಟಿಕ್ ಕಣಗಳಿವೆ ಎಂದು 2024ರ ಜನವರಿಯಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಪಾಲು ನ್ಯಾನೋ, ಅಂದರೆ ಒಂದು ಮೈಕ್ರಾನ್‌ಗಿಂತ ಸಣ್ಣವು. ನಮ್ಮ ಬೀದಿಗೆ ಬರುವ ಕ್ಯಾನುಗಳ ಮೈ ಒಮ್ಮೆ ಸವರಿ ನೋಡಿ ಸರ್, ಎಷ್ಟು ಗೀರುಗಳಿವೆ ಎಂದು.

ಮನೆ 9: ನಾವು ನೀರು ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿದವರು ಮೇಷ್ಟ್ರೇ. ಸೊಸೆ ನಗುತ್ತಾಳೆ.

ಮನೆ 7: ನಗಬೇಡವೆನ್ನಿ ಅಮ್ಮ. ಗಡಸು ನೀರನ್ನು ಐದು ನಿಮಿಷ ಕುದಿಸಿ ಸೋಸಿದರೆ ಶೇ. 90ರವರೆಗೂ ಕಣಗಳು ಹೋಗುತ್ತವೆ ಎಂದು ಚೀನಾದ ಗ್ವಾಂಗ್‌ಝೌ ಸಂಶೋಧಕರು ಅದೇ ವರ್ಷ ತೋರಿಸಿದರು. ಕುದಿಯುವಾಗ ಹರಳುಗಟ್ಟುವ ಸುಣ್ಣ ಕಣಗಳನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಮೆದು ನೀರಿನಲ್ಲಿ ಅದು ಶೇ. 25ರಷ್ಟೇ. ಸೋಸಲು ಹತ್ತಿಯ ದಪ್ಪ ಬಟ್ಟೆ ಇರಲಿ; ನೈಲಾನ್ ಜರಡಿ ಬೇಡ!

ಮನೆ 31: ಹಾಗಾದರೆ ಯಂತ್ರ ಬೇಡವೇ?

ಮನೆ 7: ಆರ್‌ಓ ಪೊರೆ ಕಣಗಳನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ಸೋಸಿದ ನೀರು ನಿಲ್ಲುವುದು ಹೆಚ್ಚಾಗಿ ಪ್ಲಾಸ್ಟಿಕ್ ತೊಟ್ಟಿಯಲ್ಲಿ, ಚರಂಡಿಗೆ ಹೋಗುವ ನೀರಿನ ಲೆಕ್ಕ ಬೇರೆ. ಬರೀ ಯುವಿ ದೀಪವಾದರೆ ಅದು ಸೂಕ್ಷ್ಮಾಣುಗಳಿಗೆ ಮಾತ್ರ. ಇನ್ನು “ಮೈಕ್ರೋಪ್ಲಾಸ್ಟಿಕ್ ಮುಕ್ತ” ಪ್ರಮಾಣಪತ್ರ ಯಾವ ಮಾನದಂಡದ್ದು ಎಂದು ಆ ಮಾರಾಟಗಾರನನ್ನೇ ಕೇಳಿ. ಕುಡಿಯುವ ನೀರಿನ ನಮ್ಮ ಮಾನದಂಡವಾದ 2012ರ ಐಎಸ್ 10500ರಲ್ಲಿ ಇದಕ್ಕೆ ಮಿತಿಯನ್ನೇ ಹಾಕಿಲ್ಲ.

ಮನೆ 3 (ಖಜಾಂಚಿ): ಈಗಷ್ಟೇ ಟ್ಯಾಂಕ್ ಹತ್ತಿ ಇಳಿದೆ. ಮುಚ್ಚಳ ಅರ್ಧಕ್ಕೆ ಒಡೆದಿದೆ, ಬಿಸಿಲು ನೇರವಾಗಿ ಒಳಗೆ ಬೀಳುತ್ತಿದೆ. ಒಳಗಿನ ಬಿಳಿ ಪದರ ಸಿಪ್ಪೆಯಂತೆ ಏಳುತ್ತಿದೆ, ಸವರಿದರೆ ಕೈಗೆ ಪುಡಿ. ಮಾರ್ಚ್‌ನಲ್ಲೇ ಬದಲಿಸಬೇಕಿತ್ತು, ಮುಂದೂಡಿದವನು ನಾನೇ. ಸ್ಟೀಲ್ ಟ್ಯಾಂಕಿಗೆ ಮೂರು ಅಂಗಡಿಗಳಿಂದ ದರ ತರಿಸುತ್ತೇನೆ. ಅಲ್ಲಿಯವರೆಗೆ ತೊಳೆದು ಮುಚ್ಚಳವನ್ನಾದರೂ ಹಾಕೋಣ. ಭಾನುವಾರ ಬೆಳಿಗ್ಗೆ 7ಕ್ಕೆ ನೀರು ನಿಲ್ಲಿಸುತ್ತೇವೆ, ಹಿಂದಿನ ರಾತ್ರಿಯೇ ಹಿಡಿದಿಡಿ.

ಮನೆ 22: ನಾನು, ಮಗ ಇಬ್ಬರೂ ಬರುತ್ತೇವೆ. ಏಣಿ ಯಾರ ಮನೆಯಲ್ಲಿದೆ?

ಮನೆ 26: ನಮ್ಮಲ್ಲಿದೆ. ಎರಡನೆಯ ಮೆಟ್ಟಿಲು ಅಲುಗಾಡುತ್ತದೆ, ಜೋಪಾನ.