‘ಬ್ಲೂ ನೋಟ್ಸ್ ಫಾರ್ ಮೊಂಗೆಜಿ’: ಶೋಕವೋ, ಪ್ರತಿಭಟನೆಯೋ?

ಪ್ರಶ್ನೆ: ದಕ್ಷಿಣ ಆಫ್ರಿಕಾ ತೊರೆದಿದ್ದ ಬ್ಲೂ ನೋಟ್ಸ್ ತಂಡದ ನಾಲ್ವರು 1975ರ ಡಿಸೆಂಬರ್‌ನಲ್ಲಿ, ತೀರಿಕೊಂಡ ಗೆಳೆಯ ಮೊಂಗೆಜಿ ಫೆಜಾನ ನೆನಪಿಗೆ ಲಂಡನ್ನಿನಲ್ಲಿ ನುಡಿಸಿದ ಈ ಫ್ರೀ ಜಾಝ್ (ನಿಗದಿತ ಚೌಕಟ್ಟಿಲ್ಲದೆ ಆ ಕ್ಷಣದಲ್ಲೇ ಕಟ್ಟುತ್ತ ನುಡಿಸುವ ಜಾಝ್) ಆಲ್ಬಂ ಅನ್ನು ರಾಜಕೀಯ ಕೃತಿ ಎನ್ನಬಹುದೇ?

ಉತ್ತರ 1: ಖಂಡಿತ ಎನ್ನಬಹುದು. ಪಿಯಾನೋ ವಾದಕ ಕ್ರಿಸ್ ಮೆಕ್‌ಗ್ರೆಗರ್ ಬಿಳಿಯ, ಉಳಿದವರು ಕರಿಯರು. ವರ್ಣಭೇದದ ಆಡಳಿತದಲ್ಲಿ ಅವರು ಒಂದೇ ವೇದಿಕೆ ಏರುವುದೇ ದುಸ್ತರವಾಗಿತ್ತು. 1964ರಲ್ಲಿ ಫ್ರಾನ್ಸಿನ ಆಂಟಿಬ್ ಜಾಝ್ ಉತ್ಸವಕ್ಕೆಂದು ಹೊರಟವರು ಯುರೋಪಿನಲ್ಲೇ ಉಳಿದರು. ಟ್ರಂಪೆಟ್ ವಾದಕ ಫೆಜಾ ಮೂವತ್ತರ ಹರೆಯದಲ್ಲಿ ಪರದೇಶದಲ್ಲೇ ಕಣ್ಮುಚ್ಚಿದ. ಆ ಸಾವನ್ನು ದೇಶಭ್ರಷ್ಟತೆಯಿಂದ ಬೇರ್ಪಡಿಸಿ ನೋಡಲು ನನ್ನಿಂದಾಗದು.

ಉತ್ತರ 2: ಒಪ್ಪುತ್ತೇನೆ, ಆದರೆ ಮೊದಲು ಸಂಗೀತವನ್ನು ಕೇಳಿಸಿಕೊಳ್ಳೋಣ. ಮುಂಚಿತವಾಗಿ ಬರೆದಿಟ್ಟ ಸ್ವರಲಿಪಿಯಿಲ್ಲದೆ, ಲೂಯಿ ಮೊಹೊಲೊ ಡ್ರಮ್ಸ್, ಜಾನಿ ಡಯಾನಿ ಬಾಸ್, ಡುಡು ಪುಕ್ವಾನಾ ಸ್ಯಾಕ್ಸೊಫೋನ್ ಹಿಡಿದು ನೇರವಾಗಿ ನುಡಿಸತೊಡಗುತ್ತಾರೆ. ನಡುನಡುವೆ ಮನುಷ್ಯರ ಕೂಗು, ಹಾಡು ಏಳುತ್ತವೆ, ತಾಯ್ನಾಡಿನ ರಾಗದ ತುಣುಕುಗಳು ತೇಲಿಬಂದು ಮತ್ತೆ ಗದ್ದಲದಲ್ಲಿ ಕರಗುತ್ತವೆ. ಊರಿನಿಂದ ದೂರದಲ್ಲಿ ಗೆಳೆಯನ ಶವಸಂಸ್ಕಾರವನ್ನು ಅವರು ಇಲ್ಲಿ ನಾದದಲ್ಲಿ ನೆರವೇರಿಸಿದ್ದಾರೆಂದೇ ನನ್ನ ಭಾವನೆ.

ಉತ್ತರ 3: ಇದನ್ನು ಹೊರತಂದ ಓಗನ್ ಎಂಬ ರೆಕಾರ್ಡ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಹ್ಯಾರಿ ಮಿಲ್ಲರ್ ಕೂಡ ದಕ್ಷಿಣ ಆಫ್ರಿಕಾದವರೇ. ವಲಸಿಗರ ಸಂಗೀತಕ್ಕೆ ವಲಸಿಗರೇ ಆಸರೆಯಾದುದನ್ನೂ ಈ ಚರ್ಚೆಯಲ್ಲಿ ಗಣಿಸಬೇಕು.