ಅಂಗಡಿ ಕಂಪ್ಯೂಟರ್‌ನ ಡಿ ಡ್ರೈವ್ ಕೆಂಪಾಗಿದೆ, ಏನು ತೆಗೆಯೋದು?

ದಲಾಲಿ ಲೆಕ್ಕ:
ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಮೂರು ಕಂಪ್ಯೂಟರ್, ಎಲ್ಲರ ಫೈಲೂ ಒಂದೇ ಡಿ ಡ್ರೈವ್‌ನಲ್ಲಿ. ಅದು ತುಂಬಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿದೆ. ಒಳಗೆ ನೋಡಿದರೆ ‘ಪಟ್ಟಿ ಫೈನಲ್’, ‘ಪಟ್ಟಿ ಫೈನಲ್ ಹೊಸದು’, ‘ನ್ಯೂ ಫೋಲ್ಡರ್ 2’, ಕೆಲಸ ಬಿಟ್ಟ ಗುಮಾಸ್ತರ ಹೆಸರಿನ ಫೋಲ್ಡರ್‌ಗಳು. ಸಾಹುಕಾರರನ್ನು ಕೇಳಿದರೆ ‘ಇರ್ಲಿ ಬಿಡ್ರಿ, ಎಂದಾದ್ರೂ ಬೇಕಾಗ್ತದ’ ಅನ್ನುತ್ತಾರೆ. ‘ಡೇಟ್ ಆಕ್ಸೆಸ್ಡ್’ ಕಾಲಂ ನೋಡಿ ಹಳೆಯದನ್ನೆಲ್ಲ ಅಳಿಸಬಹುದಾ? ಸೋಮವಾರ, ಗುರುವಾರ ಮಾರುಕಟ್ಟೆ, ಆವತ್ತು ಕಂಪ್ಯೂಟರ್ ಮುಟ್ಟುವ ಹಾಗಿಲ್ಲ.

ಕೇಬಲ್ ಕಾಕಾ:
ಆ ಕಾಲಂ ನಂಬಲೇಬೇಡಿ. ಫೈಲ್ ತೆರೆದಾಗಲೆಲ್ಲ ದಿನಾಂಕ ಬರೆದರೆ ಡಿಸ್ಕ್‌ಗೆ ಸುಮ್ನೆ ಹೊರೆ ಅಂತ ಹಳೇ ವಿಸ್ಟಾ ಆವೃತ್ತಿಯ ಕಾಲದಲ್ಲೇ ವಿಂಡೋಸ್ ಅದನ್ನು ಬಂದ್ ಮಾಡಿತ್ತು. ಈಗಿನ ವಿಂಡೋಸ್‌ನಲ್ಲಿ ಕೆಲವು ಯಂತ್ರಗಳಲ್ಲಿ ಚಾಲೂ, ಕೆಲವುದರಲ್ಲಿ ಬಂದ್. ಚಾಲೂ ಇದ್ದರೂ ಆಂಟಿವೈರಸ್ ಫೈಲ್ ಓದಿದರೆ ದಿನಾಂಕ ಬದಲಾಗಬಹುದು. ‘ಡೇಟ್ ಮಾಡಿಫೈಡ್’ ಸ್ವಲ್ಪ ವಾಸಿ. ಆದರೆ ಬದಲಾಗಿಲ್ಲ ಅಂದ ಮಾತ್ರಕ್ಕೆ ಯಾರೂ ನೋಡಿಲ್ಲ ಅಂತಲ್ಲ, ಅಲ್ವಾ?

ಮೊದಲು ವಿನ್‌ಡಿರ್‌ಸ್ಟ್ಯಾಟ್ ಹಾಕಿ, ಪುಕ್ಕಟೆ. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸುತ್ತೆ. ಸಾವಿರ ಎಕ್ಸೆಲ್ ಶೀಟ್ ಅಳಿಸಿದರೂ ಜಾಗ ಸಿಗಲ್ಲ, ದೊಡ್ಡದನ್ನು ಹಿಡಿಯಿರಿ. ಬೇಡ ಅನ್ನಿಸಿದ್ದನ್ನು ಅಳಿಸದೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಸಾಗಿಸಿ. ಮಾರ್ಚ್ ಮುಗಿದು ಆಡಿಟ್ ಆಗುವ ತನಕ ಅಲ್ಲೇ ಇರಲಿ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಫೈಲ್‌ಗಳು ಆಗಲೇ ನೆನಪಾಗೋದು. ಟ್ಯಾಲಿಯ ಅಂಕಿ ಹೆಸರಿನ ಫೋಲ್ಡರ್ ಇದ್ದರೆ ಇಡೀ ಫೋಲ್ಡರ್ ಸಾಗಿಸಿ, ಒಳಗಿನ ಒಂದೊಂದೇ ಫೈಲ್ ಆರಿಸಬೇಡಿ.

ತೆರಿಗೆ ತಲೆನೋವು:
ಸಾಹುಕಾರರ ಮಾತಲ್ಲೂ ಅರ್ಧ ಸತ್ಯ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. 2023-24ರ ಕೊನೆಯ ದಿನ 2024ರ ಡಿಸೆಂಬರ್ 31 ಇತ್ತು. ಅಂದರೆ 2030ರ ಡಿಸೆಂಬರ್ ತನಕ ಮುಟ್ಟೋ ಹಾಗಿಲ್ಲ. ಮೇಲ್ಮನವಿ ನಡೀತಿದ್ದರೆ ಇನ್ನೂ ಜಾಸ್ತಿ ದಿನ ಆಗಬಹುದು.

ಪೆನ್‌ಡ್ರೈವ್ ಪ್ಯಾರ:
ಬ್ಯಾಕಪ್ಪೂ ಅದೇ ಡಿ ಡ್ರೈವ್‌ಗೇ ಹೋಗ್ತಿದೆಯಾ? ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತೆ.

ದಲಾಲಿ ಲೆಕ್ಕ:
ಹೌದು, ಅದೇ ಡ್ರೈವ್‌ಗೆ. ನಾಳೆಯೇ ಬೇರೆ ಡಿಸ್ಕ್ ತರ್ತೀನಿ. ವಿನ್‌ಡಿರ್‌ಸ್ಟ್ಯಾಟ್ ಓಡಿಸಿದೆ. ಪಟ್ಟಿ ಫೈಲ್‌ಗಳದ್ದು ಏನೂ ಇಲ್ಲ, ಚಿಲ್ಲರೆ. ಅರ್ಧಕ್ಕೂ ಜಾಸ್ತಿ ಜಾಗ ತಿಂದಿರೋದು ತೂಕದ ಜಗಳ ಆದಾಗ ಕಾಪಿ ಮಾಡಿಟ್ಟ ಸಿಸಿಟಿವಿ ವಿಡಿಯೋ, ಅದೂ ಎರಡೆರಡು ಕಡೆ. ಆ ಜಗಳ ಎಂದೋ ಮುಗಿದಿದೆ. ಸಾಹುಕಾರರು ‘ಇದನ್ನ ತಗೀರಿ’ ಅಂದ್ರು.